ಪೂರ್ತಿ ತೂಕದ ಪಾಪ

ಸಮಸ್ತ ಭಕ್ತಾದಿಗಳ ಅವಗಾಹನೆಗೆ ಈ ಮೂಲಕ ತರಬಯಸುವುದೇನೆಂದರೆ, ಶುಭ ಶುಕ್ರವಾರದ ಬೆಳಗ್ಗೆ, ಚರ್ಚಿನ ಗಂಟೆಗಳೆಲ್ಲ ಮೌನವ್ರತ ಹಿಡಿದಿದ್ದ ಹೊತ್ತಿನಲ್ಲಿ, ತಕ್ಕಡಿ ಮೇಷ್ಟ್ರು ಎರಡು ಮೊಟ್ಟೆ ಬೇಯಿಸಿದರು.

ಅಂಗಡಿಯ ಬಾಗಿಲಿಗೆ ಒಳಗಿಂದ ಚಿಲಕ ಹಾಕಿ, ತಕ್ಕಡಿ ತಟ್ಟೆಗಳ ಜಿಡ್ಡು ಬಿಡಿಸುವ ನೀರು ಕಾಯಿಸಲೆಂದು ಇಟ್ಟುಕೊಂಡಿದ್ದ ಸ್ಟೌವಿನ ಮೇಲೆ ಬೇಯಿಸಿದರು. ನೀರು ಕುದಿಯತೊಡಗಿದಾಗ ಮೊಟ್ಟೆಗಳು ಪಾತ್ರೆಯ ತಳಕ್ಕೆ ಟಕಟಕ ಬಡಿದವು. ಆ ಸದ್ದು ಬೀದಿಯ ಆ ಕೊನೆಗೆ ಕೇಳಿ ಯಾರಾದರೂ ಬಂದು ಬಾಗಿಲು ತಟ್ಟಿದರೆ ಏನು ಹೇಳುವುದೆಂದು ಉತ್ತರವನ್ನೂ ತಯಾರು ಮಾಡಿಕೊಂಡರು: ಸ್ಪ್ರಿಂಗು ನೆನೆಹಾಕಿದ್ದೇನೆ. ಯಾರೂ ಬರಲಿಲ್ಲ. ಇಷ್ಟು ಒಳ್ಳೆಯ ಸುಳ್ಳೊಂದು ಹಾಗೇ ಹಾಳಾಯಿತಲ್ಲ ಎಂದು ಕ್ಷಣ ಬೇಜಾರಾಯಿತು. ಬೆಂದ ಮೊಟ್ಟೆಗಳನ್ನು ಪ್ಯಾಂಟಿನ ಎರಡು ಜೇಬಿಗೆ ಒಂದೊಂದು ಹಾಕಿಕೊಂಡರು, ತೂಕ ಸಮವಾಗಿರಲೆಂದು. ಬಿಸಿ ಬಟ್ಟೆ ದಾಟಿ ತೊಡೆಗೆ ತಾಗಿತು. ಎಡಗಡೆಯದು ತಮ್ಮ ಪಾಪಕ್ಕೆ. ಬಲಗಡೆಯದು ಮಗಳಿಗೆ, ಅವಳು ಮನಸ್ಸು ಬದಲಾಯಿಸಿದರೆ.

ವಾರದ ಆರು ದಿನ ಊರಿನ ತಕ್ಕಡಿಗಳನ್ನು ರಿಪೇರಿ ಮಾಡುವುದು, ಏಳನೆಯ ದಿನ ಪೂಜೆ ಮುಗಿದ ಮೇಲೆ ಚರ್ಚಿನ ಹಿಂದಿನ ಕೋಣೆಯಲ್ಲಿ ಮಕ್ಕಳಿಗೆ ಧರ್ಮೋಪದೇಶ ಹೇಳುವುದು. ಈ ಎರಡು ಕೆಲಸ ಸೇರಿ ಅವರಿಗೆ ಆ ಹೆಸರು ಬಿದ್ದಿತ್ತು. ಎರಡೂ ಒಂದೇ ಕೆಲಸವೆಂಬುದು ಅವರ ಅಭಿಪ್ರಾಯ. ಮುಳ್ಳು ನಡುವಿಗೆ ಬರಬೇಕು, ಅಷ್ಟೆ. ಗುರುಗಳು ಬದಲಾಗುತ್ತಿದ್ದರು, ಮೇಷ್ಟ್ರು ಬದಲಾಗುತ್ತಿರಲಿಲ್ಲ. ಹೊಸದಾಗಿ ಬಂದ ಗುರುಗಳು ಕೂಡ ಒಮ್ಮೊಮ್ಮೆ ಮೆಲ್ಲಗೆ, “ಮೇಷ್ಟ್ರೇ, ಕಾಫಿಗೆ ಹಾಲು ಹಾಕ್ಕೋಬಹುದಾ ಇವತ್ತು?” ಎಂದು ಕೇಳಿ, ಉತ್ತರ ಬರುವ ಮುಂಚೆಯೇ ಕಪ್ಪು ಕಾಫಿ ಕುಡಿಯುತ್ತಿದ್ದರು. ಈಸ್ಟರ್ ಹಬ್ಬಕ್ಕೆ ಮುಂಚಿನ ನಲವತ್ತು ದಿನದ ತಪಸ್ಸುಕಾಲ ಬಂತೆಂದರೆ ಮೇಷ್ಟ್ರು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಬಾಯಿಪಾಠ ಮಾಡಿಸುವರು: ಉಪವಾಸ ಹದಿನೆಂಟರಿಂದ ಅರವತ್ತರವರೆಗೆ. ಉಪವಾಸ ಅಂದರೆ ದಿನಕ್ಕೆ ಒಂದೇ ಪೂರ್ತಿ ಊಟ, ಜೊತೆಗೆ ಎರಡು ಸಣ್ಣ ತಿಂಡಿ, ಎರಡೂ ಸೇರಿಸಿದರೆ ಇನ್ನೊಂದು ಊಟ ಆಗಬಾರದು. ಮಾಂಸ ಬಿಡುವುದು ಹದಿನಾಲ್ಕರಿಂದ ಸಾಯುವ ತನಕ. ಕಾಯಿಲೆಯವರಿಗೆ, ಬಸುರಿ ಬಾಣಂತಿಯರಿಗೆ ವಿನಾಯಿತಿ. ಕೊನೆಯ ಸಾಲು ಬಂದಾಗ ಮಾತ್ರ ಅವರ ದನಿ ಸ್ವಲ್ಪ ತಗ್ಗುತ್ತಿತ್ತು, ಹದಿನೈದು ವರ್ಷದಿಂದ. ಮಕ್ಕಳು ಅದನ್ನೂ ಬಾಯಿಪಾಠ ಮಾಡಿದ್ದರು, ತಗ್ಗಿದ ದನಿಯ ಸಮೇತ.

ಇದೆಲ್ಲ ಚರ್ಚಿನ ಕಾನೂನು. ಮನೆಯ ಕಾನೂನು ಬೇರೆ. ಶುಭ ಶುಕ್ರವಾರ ಮಧ್ಯಾಹ್ನ ಮೂರರ ಆರಾಧನೆಯಲ್ಲಿ ಶಿಲುಬೆಗೆ ಮುತ್ತಿಡುವ ತನಕ ನೀರು ಬಿಟ್ಟು ಏನೂ ಇಲ್ಲ. ಆ ಕಾನೂನು ಬರೆದವರು ಮೇಷ್ಟ್ರೇ. ಈ ಸಲ ಏಳು ತುಂಬಿದ ಬಸುರಿ ಮಗಳು ಅದಕ್ಕೊಂದು ತಿದ್ದುಪಡಿ ತಂದಿದ್ದಳು: ಮೂರಕ್ಕೂ ಇಲ್ಲ, ರಾತ್ರಿಗೂ ಇಲ್ಲ, ಶನಿವಾರ ರಾತ್ರಿ ಹಬ್ಬದ ಮೇಣದಬತ್ತಿ ಹಚ್ಚಿದ ಮೇಲೇ. “ಅಮ್ಮ ಹಾಗೇ ಮಾಡ್ತಿದ್ಲು,” ಎಂದಿದ್ದಳು, ಟವೆಲ್ಲು ಮಡಿಸುತ್ತ, ಅವರ ಮುಖ ನೋಡದೆ. ತಪಸ್ಸುಕಾಲದ ಮೊದಲ ಉಪವಾಸ, ಬೂದಿ ಬುಧವಾರವೇ ಪಾತ್ರೆ ತೊಳೆಯುವಾಗ ಸಿಂಕಿನ ಅಂಚು ಹಿಡಿದು ಜಾರಿ ಕೂತಿದ್ದಳು. ಡಾಕ್ಟರಮ್ಮ ಹೊಟ್ಟೆ ಖಾಲಿ ಬಿಡಲೇಬೇಡ, ಮಗುವಿಗೆ ಆಗುವುದಿಲ್ಲ ಎಂದು ಬೈದು ಕಳಿಸಿದ್ದರು. ರೈಲಿನಲ್ಲಿ ಗಾರ್ಡ್ ಕೆಲಸದ ಅಳಿಯ ಯಾವುದೋ ಸ್ಟೇಷನ್ನಿನಿಂದ ಫೋನು ಮಾಡಿ ಕಿರುಚಿದ್ದ, ಹಿಂದೆ ಎಂಜಿನ್ನು ಕಿರುಚುತ್ತಿದ್ದುದರಿಂದ. “ಮಾವ, ನಾನ್ ಹೇಳಿದ್ರೆ ಕೇಳಲ್ಲ ಅವ್ಳು. ನೀವೇ ಚರ್ಚು ಅಂದ್ಕೊಂಡಿದಾಳೆ. ಒಂದೇ ಒಂದು ಮಾತು ಹೇಳಿ, ತಿನ್ನು ಅಂತ. ಹೇಳ್ತೀರಲ್ಲ?” ಮೇಷ್ಟ್ರು ಹೇಳ್ತೀನಪ್ಪ ಎಂದರು. ಅವತ್ತೇ ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತರು. ಮಗಳು ತಿರುಗಿ ನೋಡಿದಳು. ಅವರ ಬಾಯಿಂದ ಬಂದ ಒಂದೇ ಒಂದು ಮಾತು, “ಹಾಲು ತಂದಿದೀನಿ.”

ತಿನ್ನು ಎನ್ನುವುದು ಎರಡಕ್ಷರ. ಆದರೆ ಅದರ ಬೆನ್ನಿಗೇ ಇನ್ನೊಂದು ಮಾತು ನಿಂತಿತ್ತು, ಒಂದನ್ನು ಒಳಗೆ ಬಿಟ್ಟರೆ ಇನ್ನೊಂದೂ ನುಗ್ಗುವ ಹಾಗೆ. ಬಸುರಿಗೆ ವಿನಾಯಿತಿ ಇದೆ ಮಗಳೇ ಎಂದರೆ, ಕಾಯಿಲೆಯವರಿಗೂ ಇತ್ತಲ್ಲ ಅಪ್ಪ ಎಂದು ಅವಳು ಕೇಳುತ್ತಾಳೆ. ಕೇಳದಿದ್ದರೂ ಕೇಳಿದ ಹಾಗೇ. ಅದಕ್ಕೇ ತಪಸ್ಸುಕಾಲ ಪೂರ್ತಿ ತೂಗಿ ತೂಗಿ ಒಂದು ಯೋಜನೆ ಹಾಕಿದ್ದರು: ಮಾತಿನ ಬದಲು ಪಾಪ. ಅವಳ ಕಣ್ಣೆದುರೇ ತಾವು ಉಪವಾಸ ಮುರಿಯುವುದು. ಅಪ್ಪನೇ ಮುರಿದ ಮೇಲೆ ಅವಳಿಗೇನು? ಗೋಡೆ ಬಿದ್ದ ಮೇಲೆ ಬಾಗಿಲು ಕಾಯುವವರುಂಟೇ? ಶನಿವಾರ ಪಾಪನಿವೇದನೆ, ಭಾನುವಾರ ಹಬ್ಬ, ಲೆಕ್ಕ ಚುಕ್ತಾ. ಆದರೆ ಪಾಪ ಸಾಚಾ ಆಗಿರಬೇಕಿತ್ತು. ಮಗಳು ಈಗ ತಮ್ಮ ಬದಲು ಚಿಕ್ಕಮಕ್ಕಳ ತರಗತಿ ತೆಗೆದುಕೊಳ್ಳುವವಳು, ಕಮ್ಮಿ ತೂಕದ ಪಾಪವನ್ನು ಕೈಯಲ್ಲಿ ಹಿಡಿದರೇ ಹೇಳಿಬಿಡುವಳು. ಒಂದು ಮೊಟ್ಟೆ ತಿಂದರೆ ಅದು ಸಣ್ಣ ತಿಂಡಿ, ಕಾನೂನಿನೊಳಗೇ. ಒಂದು ಊಟ ಮಾಡಿದರೂ ಕಾನೂನಿನೊಳಗೇ. ಎರಡು ಪೂರ್ತಿ ಊಟ ಬೇಕು. ಒಂದು ಹೊರಗೆ, ಒಂದು ಮನೆಯಲ್ಲಿ.

ಮಾಂಸವಾದರೆ ಒಂದೇ ತುತ್ತು ಸಾಕಿತ್ತು, ನಿಜ. ಅಂಗಡಿಯಿಂದ ಬಸ್ ನಿಲ್ದಾಣದ ಕಡೆ ನಡೆಯುವಾಗ ಕಟುಕನ ಅಂಗಡಿ ದಾರಿಯಲ್ಲೇ ಇತ್ತು, ಬಾಗಿಲು ತೆರೆದೇ ಇತ್ತು. ಆ ಅಂಗಡಿಯ ಕೊಕ್ಕೆತಕ್ಕಡಿಯನ್ನು ತಿಂಗಳ ಹಿಂದೆ ತಾವೇ ಸರಿಮಾಡಿದ್ದರು. ಕಟುಕ ಅವರನ್ನು ಕಂಡು ತಾನಾಗೇ ಎರಡು ಕೈ ಎತ್ತಿದ, “ಅಯ್ಯೋ ಗೊತ್ತು ಮೇಷ್ಟ್ರೇ, ಇವತ್ತು ನಿಮ್ಮವರು ಈ ಕಡೆ ಮೂಗು ಕೂಡ ತಿರುಗಿಸಲ್ಲ. ನಾನೇ ಕರ್ಟನ್ ಎಳೀತೀನಿ ಇರಿ,” ಎಂದು ಗೌರವದಿಂದ ಪರದೆ ಎಳೆದುಕೊಂಡ. ಮೇಷ್ಟ್ರಿಗೆ ಎದೆ ಹಗುರವಾಯಿತು. ಆಮೇಲೆ ಆ ಹಗುರದ ಬಗ್ಗೆಯೇ ನಾಚಿಕೆಯಾಯಿತು. ಪಾಪ ಮಾಡಲು ಹೊರಟವನಿಗೂ ಒಂದು ಹದ ಬೇಕು, ಮೊಟ್ಟೆಯಲ್ಲಿ ಆಗುವ ಕೆಲಸಕ್ಕೆ ಮಾಂಸ ಯಾಕೆ ಎಂದು ತಮ್ಮನ್ನು ತಾವೇ ಒಪ್ಪಿಸಿಕೊಂಡು ಮುಂದೆ ನಡೆದರು. ಜೇಬಿನ ಮೊಟ್ಟೆಗಳು ಹೆಜ್ಜೆಹೆಜ್ಜೆಗೂ ತೊಡೆಗೆ ತಟ್ಟುತ್ತಿದ್ದವು, ಯಾರೋ ಎರಡೂ ಕಡೆಯಿಂದ ಬೆರಳಲ್ಲಿ ತಿವಿದು ಏನೋ ಕೇಳುತ್ತಿರುವ ಹಾಗೆ.

ನಿಲ್ದಾಣದ ಹೋಟೆಲಿನಲ್ಲಿ ಕಿಟಕಿಯಿಂದ ದೂರದ ಮೂಲೆ ಹಿಡಿದರು. ಬ್ರೆಡ್ಡು, ಆಮ್ಲೆಟ್ಟು, ಬಾಳೆಹಣ್ಣು, ಹಾಲು ಹಾಕಿದ ಚಹಾ. ಪೂರ್ತಿ ಊಟವೆಂದರೆ ಎಷ್ಟು? ಮಕ್ಕಳು ಯಾವತ್ತೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ಹೊಟ್ಟೆ ಸಾಕು ಎಂದ ಮೇಲೆ ಎರಡು ತುತ್ತು ಹೆಚ್ಚಿಗೆ ಎಂದು ಈಗ ತಾವೇ ತೀರ್ಮಾನಿಸಿದರು, ವ್ಯಾಪಾರಿಗಳು ಮುಳ್ಳು ನಿಂತ ಮೇಲೂ ಒಂದು ಟೊಮೇಟೊ ಹಾಕುವ ಹಾಗೆ. ಬ್ರೆಡ್ಡು ಗಂಟಲಲ್ಲಿ ಇಳಿಯಲೊಲ್ಲದು. ನಾಲಗೆ ಎಷ್ಟೋ ವರ್ಷದಿಂದ ಈ ದಿನ ಈ ಹೊತ್ತಿಗೆ ಒಣಗಿ ಕೂರುವುದನ್ನು ಕಲಿತಿತ್ತು, ಈಗ ಬಂದದ್ದನ್ನು ಬಂದವನು ಯಾರೆಂದು ಕೇಳದೆ ಒಳಗೆ ಬಿಡಲು ತಯಾರಿರಲಿಲ್ಲ. ಅಗಿದರು. ಪಕ್ಕದ ಮೇಜಿನವನು ತಿನ್ನುವ ಸದ್ದು, ತಮ್ಮ ದವಡೆಯ ಸದ್ದು, ಎಲ್ಲ ದೊಡ್ಡದಾಗಿ ಕೇಳಿಸಿತು. ಅದೇ ಹೊತ್ತಿಗೆ ಬಾಗಿಲಲ್ಲಿ ನೇರಳೆ ಬಟ್ಟೆಯ ಗಂಟು ಹಿಡಿದ ಹಾರ್ಮೋನಿಯಂ ಅಕ್ಕ ಕಾಣಿಸಿಕೊಂಡಳು. ಚರ್ಚಿನ ಗಾಯನ ನಡೆಸುವವಳು, ಊರಿನ ಸುದ್ದಿಯನ್ನೂ. ಚಿಲ್ಲರೆಗೆಂದು ಬಂದವಳು ನೇರ ಅವರನ್ನೇ ನೋಡಿದಳು. ಮೇಷ್ಟ್ರ ಕೆನ್ನೆಯೊಳಗೆ ಆಮ್ಲೆಟ್ಟು ನಿಂತುಬಿಟ್ಟಿತು.

“ಅಯ್ಯೋ ಮೇಷ್ಟ್ರೇ, ನೀವಿಲ್ಲಿ?” ಎಂದಳು. ತಟ್ಟೆ ನೋಡಿದಳು, ಎದುರಿನ ಖಾಲಿ ಕುರ್ಚಿ ನೋಡಿದಳು. “ಯಾರಿಗೋ ತಿಂಡಿ ಕೊಡಿಸ್ತಿದೀರಾ? ಕೈ ತೊಳೆಯೋಕೆ ಹೋದ್ರಾ ಅವ್ರು? ನಿಮ್ಮ ಮುಂದೆ ಹಾಗೆ ತಟ್ಟೆ ಇಟ್ಕೊಂಡು ತಿನ್ನೋಕೆ ಮನಸಾದ್ರೂ ಹೇಗೆ ಬರುತ್ತೋ ಜನಕ್ಕೆ!”

ಮೇಷ್ಟ್ರು ತಲೆಯಾಡಿಸಿದರು. ಹೌದೆಂದೋ ಅಲ್ಲವೆಂದೋ ಅವರಿಗೂ ಗೊತ್ತಾಗಲಿಲ್ಲ.

“ಮಾತಾಡ್ಬೇಡಿ, ಮಾತಾಡ್ಬೇಡಿ. ಇವತ್ತು ಮೌನ ಅಲ್ವಾ, ಮರೆತೇಬಿಟ್ಟೆ ನೋಡಿ,” ಎಂದು ಅವಳು ತನ್ನ ಬಾಯಿಗೆ ತಾನೇ ಬೆರಳಿಟ್ಟುಕೊಂಡಳು. “ಮುಖ ನೋಡಿ ಎಷ್ಟು ಬಾಡಿದೆ. ಮಗಳಿಗೂ ಹೇಳಿ, ಬಸುರಿ ಹೆಂಗಸು, ಅತಿ ಮಾಡ್ಬೇಡ ಅಂತ. ನಾವು ಹೇಳಿದ್ರೆ ಅಪ್ಪನ್ನ ಕೇಳಿ ಅಂತಾಳೆ.” ಹೋದಳು.

ಅವರು ನುಂಗಿದರು. ಇಷ್ಟು ವರ್ಷ ಕೂಡಿಟ್ಟ ಹೆಸರು ಈಗ ಪಾಪ ಮಾಡಲೂ ಬಿಡುತ್ತಿಲ್ಲ. ಕಣ್ಣಾರೆ ಕಂಡರೂ ಜನ ನಂಬುತ್ತಿಲ್ಲ. ಅವತ್ತೂ ಹೀಗೇ. ಹದಿನೈದು ವರ್ಷದ ಹಿಂದಿನ ಆ ಶುಭ ಶುಕ್ರವಾರ ಶಿಲುಬೆಗೆ ಮುತ್ತಿಡುವ ಸಾಲಿನಲ್ಲಿ ಹೆಂಡತಿ ಅವರ ಮುಂದೆ ಇದ್ದಳು, ಅವರ ಹಿಂದೆ ಮಗಳು, ಹನ್ನೆರಡು ವರ್ಷದವಳು, ಅಮ್ಮನ ಕೈಚೀಲ ಹಿಡಿದುಕೊಂಡು. ಬೆಳಗ್ಗೆ ಹೆಂಡತಿ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿದ್ದಳು, ಅದರ ಮೇಲೆ ನೀರು ಮಾತ್ರ. ಹೊರಡುವ ಮುಂಚೆ ಕನ್ನಡಿ ಎದುರು ನಿಂತು, “ರೀ, ತಲೆ ಯಾಕೋ ಹಗುರ ಆಗ್ತಿದೆ. ಎರಡು ಬಿಸ್ಕೆಟ್ ತಿನ್ಲಾ? ಕಾಯಿಲೆಯವರಿಗೆ ವಿನಾಯಿತಿ ಅಂತ ನೀವೇ ಮಕ್ಕಳಿಗೆ ಹೇಳ್ತೀರಲ್ಲ,” ಎಂದಿದ್ದಳು. ಮೇಷ್ಟ್ರು ಶೂ ಲೇಸು ಕಟ್ಟುತ್ತಿದ್ದರು. ಮಾತಿನ ಚಪಲ ಅವರಿಗೆ ಮೊದಲಿನಿಂದಲೂ ಇತ್ತು. “ವಿನಾಯಿತಿ ಕಾಯಿಲೆಯವರಿಗೆ ಕಣೇ. ನಿಂಗೆ ಬರೀ ಸಕ್ಕರೆ ತಾನೇ?” ಎಂದರು. ಅವಳು ಏನೆಂದಳೋ ನೆನಪಿಲ್ಲ. ಲೇಸಿನ ಗಂಟು ನೆನಪಿದೆ, ಒಂದು ಕುಣಿಕೆ ದೊಡ್ಡದು ಒಂದು ಚಿಕ್ಕದು ಆಗಿ ಬಿಚ್ಚಿ ಮತ್ತೆ ಕಟ್ಟಿದ್ದು ನೆನಪಿದೆ, ಅವಳ ಮುಖ ನೆನಪಿಲ್ಲ. ಸಾಲು ಮುಂದೆ ಸರಿಯಿತು. ಶಿಲುಬೆಯ ಮುಂದೆ ಅವಳು ಮಂಡಿಯೂರಿದಳು, ಮೆಲ್ಲಗೆ, ಬಹಳ ಮೆಲ್ಲಗೆ. ಹಣೆಯನ್ನು ಮರಕ್ಕೆ ಒರಗಿಸಿದಳು. ಒರಗಿಸಿ ಹಾಗೇ ಇದ್ದಳು. ಜನ ಕಾದರು. ಮೇಷ್ಟ್ರಿಗೆ ಹೆಮ್ಮೆಯಾಯಿತು. ಇದನ್ನು ಅವರು ಯಾವ ಪಾಪನಿವೇದನೆಯಲ್ಲೂ ಹೇಳಿರಲಿಲ್ಲ. ಎಂಥ ಭಕ್ತಿ ನೋಡಿ ಎನ್ನುವ ಹಾಗೆ ಅವರು ಅಕ್ಕಪಕ್ಕದವರನ್ನು ನೋಡಿದ್ದರು. ಭಾನುವಾರ ಪುನರುತ್ಥಾನದ ಗಂಟೆಗಳು ಬಾರಿಸುವಾಗ ಆಸ್ಪತ್ರೆಯಲ್ಲಿ ಅವಳು ಮಲಗಿದ್ದ ಹಾಸಿಗೆಗೆ ಬೇರೆಯವರಿಗಾಗಿ ಹೊಸ ಚಾದರ ಹಾಸುತ್ತಿದ್ದರು. ಆಮೇಲೆ ಯಾವತ್ತೋ ಕೈಚೀಲ ತೆಗೆದಾಗ ಒಳಗೆ ಬಿಸ್ಕೆಟ್ ಪೊಟ್ಟಣ, ಒಡೆಯದೇ ಇದ್ದದ್ದು. ಹಾಗಾದರೆ ಅವಳು ಅದನ್ನು ತೆಗೆದುಕೊಂಡೇ ಹೋಗಿದ್ದಳು. ಕೇಳುವುದಕ್ಕೆ ಮುಂಚೆಯೋ, ಕೇಳಿದ ಮೇಲೋ?

ಬಾಳೆಹಣ್ಣು ಮುಗಿಯಿತು. ಸಾಕಾಗಿ ಎರಡು ತುತ್ತು ಹೆಚ್ಚು. ಹೊಟ್ಟೆ ಕಲ್ಲಿನ ಹಾಗೆ ಭಾರವಾಗಿ ಎದ್ದರು. ದಾರಿಯುದ್ದಕ್ಕೂ, ಎದುರಿಗೆ ಬಂದವರೆಲ್ಲ ಅವರ ಬಾಡಿದ ಮುಖ ಕಂಡು ಗೌರವದಿಂದ ದಾರಿ ಬಿಟ್ಟರು.

ಮನೆಯಲ್ಲಿ ಮಗಳು ಊಟದ ಮೇಜಿನ ಮೇಲೆ ಬಿಳಿ ಬಟ್ಟೆ ಹರಡಿ ಇಸ್ತ್ರಿ ಮಾಡುತ್ತಿದ್ದಳು, ಮಧ್ಯಾಹ್ನ ಶಿಲುಬೆ ಒರೆಸುವ ಬಟ್ಟೆ. ಒಬ್ಬೊಬ್ಬರು ಮುತ್ತಿಟ್ಟ ಮೇಲೂ ಒರೆಸಬೇಕು. ಹೊಟ್ಟೆ ಅಡ್ಡ ಬಂದು ಅವಳು ಮೇಜಿಗೆ ಓರೆಯಾಗಿ ನಿಂತಿದ್ದಳು. ತುಟಿ ಒಣಗಿ ಬೆಳ್ಳಗಾಗಿತ್ತು. ಇಸ್ತ್ರಿಪೆಟ್ಟಿಗೆ ಬಟ್ಟೆಯ ತುದಿ ಮುಟ್ಟಿದಾಗ ಅವಳು ಅದನ್ನು ಕೂಡಲೇ ಎತ್ತಲಿಲ್ಲ, ಕಣ್ಣು ಮುಚ್ಚಿ ಒಂದು ಕ್ಷಣ ಅದರ ಮೇಲೇ ಭಾರ ಬಿಟ್ಟಳು. ಸುಟ್ಟ ವಾಸನೆ ಸಣ್ಣಗೆ ಎದ್ದಿತು. ಎತ್ತಿದಳು. ಮೇಷ್ಟ್ರು ಕುರ್ಚಿ ಎಳೆದು ಕೂತರು. ದಾರಿಯಲ್ಲಿ ಕೊಂಡುತಂದ ಬ್ರೆಡ್ಡಿನ ಪೊಟ್ಟಣ, ಬೆಣ್ಣೆ, ಹಣ್ಣು ಮೇಜಿನ ಮೇಲಿಟ್ಟರು. ಆಮೇಲೆ ಎಡ ಜೇಬಿನಿಂದ ಮೊಟ್ಟೆ ತೆಗೆದರು. ಅದು ತಣ್ಣಗಾಗಿತ್ತು. ನಡೆದ ರಭಸಕ್ಕೆ ಸಿಪ್ಪೆ ಬಿರುಕು ಬಿಟ್ಟು ಜೇಬಿನ ನೂಲು ಅಂಟಿಕೊಂಡಿತ್ತು.

ಸುಲಿಯತೊಡಗಿದರು. ಸಿಪ್ಪೆಯ ಜೊತೆ ಬಿಳಿಯೂ ಕಿತ್ತುಬಂತು. ಮಗಳು ಇಸ್ತ್ರಿ ನಿಲ್ಲಿಸಿ ನೋಡಿದಳು. ಅವರು ಅರ್ಧ ಮೊಟ್ಟೆ ಬಾಯಿಗಿಟ್ಟುಕೊಂಡರು, ಮೇಲೆ ಬ್ರೆಡ್ಡು. ಅಗಿಯುತ್ತ ಅವಳನ್ನೇ ನೋಡಿದರು. ಇಡೀ ತಪಸ್ಸುಕಾಲ ಈ ನೋಟವನ್ನು ಅಭ್ಯಾಸ ಮಾಡಿದ್ದರು.

“ಅಪ್ಪ, ಏನಿದು?”

“ಊಟ ಮಾಡ್ತಿದೀನಿ.”

“ಗಂಟೆ ಇನ್ನೂ ಒಂದು.”

“ಗೊತ್ತು. ಬೆಳಗ್ಗೆ ಹೋಟ್ಲಲ್ಲೂ ಹೊಟ್ಟೆ ತುಂಬ ತಿಂದೆ. ಹಾಲು ಹಾಕಿದ ಚಹಾ ಕುಡಿದೆ. ಇದು ಎರಡನೇ ಪೂರ್ತಿ ಊಟ. ನಾನು ಉಪವಾಸ ಮುರಿದೆ ಮಗಳೇ. ಗೊತ್ತಿದ್ದೂ ಗೊತ್ತಿದ್ದೂ ಮುರಿದೆ.” ಕೊನೆಯ ಮಾತು ಮಕ್ಕಳ ಬಾಯಿಪಾಠದ ರಾಗದಲ್ಲೇ ಬಂತು. ಪಾಪ ಪಾಪವಾಗಲು ಬೇಕಾದ ಸಕಲ ಲಕ್ಷಣಗಳೂ ಅಲ್ಲಿದ್ದವು.

ಮಗಳು ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿಟ್ಟಳು. ಅವಳ ಮುಖದಲ್ಲಿ ಏನೋ ಸಡಿಲವಾಗುತ್ತಿದೆ ಎಂದು ಅವರಿಗನ್ನಿಸಿತು. ಬಲ ಜೇಬಿನ ಮೊಟ್ಟೆಗೆ ಕೈ ಹೋಯಿತು. ಆಗ ಅವಳು, ತರಗತಿಯಲ್ಲಿ ತಪ್ಪು ಉತ್ತರ ಹೇಳಿದ ಮಗುವಿನ ಹತ್ತಿರ ಮಾತಾಡುವ ದನಿಯಲ್ಲಿ, “ಮಂಗಳವಾರ ನಿಮ್ಮ ಹುಟ್ಟುಹಬ್ಬ ಆಯ್ತಲ್ಲಪ್ಪ,” ಎಂದಳು.

“ಆಯ್ತು. ಐವತ್ತೊಂಬತ್ತು. ಅದಕ್ಕೇನೀಗ?”

“ಐವತ್ತೊಂಬತ್ತು ತುಂಬಿದ್ರೆ ಅರವತ್ತನೇ ವರ್ಷ ಶುರು. ಅರವತ್ತನೇ ವರ್ಷ ಶುರು ಆಗೋವರೆಗೆ ಉಪವಾಸ ಅಂತ ನಿಯಮ. ಅರವತ್ತು ತುಂಬೋವರೆಗೆ ಅಂತಲ್ಲ.”

“ಅರವತ್ತರವರೆಗೆ ಅಂತ ಮೂವತ್ತು ವರ್ಷ ಹೇಳ್ಕೊಟ್ಟಿದೀನಿ ನಾನು!”

“ಹೇಳ್ಕೊಟ್ಟಿದೀರ. ತಪ್ಪು ಹೇಳ್ಕೊಟ್ಟಿದೀರ. ನಾನು ಗುರುಗಳನ್ನ ಕೇಳ್ದೆ.” ಅವಳು ಹೊಟ್ಟೆಯ ಮೇಲೆ ಕೈಯಿಟ್ಟಳು, ಉದಾಹರಣೆ ಅಲ್ಲೇ ಸಿಕ್ಕಿದ್ದಕ್ಕೆ. “ಇದು ಹುಟ್ಟಿದ ದಿನಾನೇ ಇದಕ್ಕೆ ಮೊದಲನೇ ವರ್ಷ ಶುರು ಅಲ್ವಾ? ಹಾಗೇ ಲೆಕ್ಕ. ಮಂಗಳವಾರದಿಂದ ನಿಮಗೆ ಉಪವಾಸ ಇಲ್ಲ. ಎರಡಲ್ಲ, ನಾಲ್ಕು ಊಟ ಮಾಡಿದ್ರೂ ಪಾಪ ಇಲ್ಲ.”

ಮೇಷ್ಟ್ರ ಬಾಯಲ್ಲಿ ಮೊಟ್ಟೆಯ ಹಳದಿ ಸುಣ್ಣದ ಹಾಗೆ ಅಂಟಿಕೊಂಡಿತು.

“ಮಾಂಸ ಆಗಿದ್ರೆ ಬೇರೆ. ಅದಕ್ಕೆ ವಯಸ್ಸು ಇಲ್ಲ, ಸಾಯೋ ತನಕ. ಆದ್ರೆ ಮೊಟ್ಟೆ ಮಾಂಸ ಅಲ್ವಲ್ಲ.” ಅವಳು ತನ್ನ ನೀರಿನ ಲೋಟವನ್ನು ಅವರ ಕಡೆ ಸರಿಸಿದಳು. “ನಿಧಾನಕ್ಕೆ ತಿನ್ನಿ. ಗಂಟಲಿಗೆ ಸಿಕ್ಕೀತು.”

ಪರದೆ ಎಳೆದುಕೊಂಡ ಕಟುಕ ನೆನಪಾದ. ಒಂದು ತುತ್ತು, ಒಂದೇ ತುತ್ತು ಸಾಕಿತ್ತು. ನೀರು ಕುಡಿದರು. ಅದು ಅವಳ ಪಾಲಿನ ನೀರು ಎಂದು ಕುಡಿದ ಮೇಲೆ ಹೊಳೆಯಿತು. “ಹಾಗಾದ್ರೆ,” ಎಂದರು, “ನಿಯಮ ಅಷ್ಟು ಚೆನ್ನಾಗಿ ಗೊತ್ತಿದ್ರೆ, ನಿನಗೂ…”

“ವಿನಾಯಿತಿ ಕಾಯಿಲೆಯವರಿಗೆ,” ಎಂದಳು ಮಗಳು. ಇಸ್ತ್ರಿಪೆಟ್ಟಿಗೆ ಮತ್ತೆ ಕೈಗೆತ್ತಿಕೊಂಡಿದ್ದಳು. ಸುಟ್ಟ ತುದಿಯನ್ನು ಒಳಕ್ಕೆ ಮಡಚಿ ಅದರ ಮೇಲೆ ಒತ್ತಿದಳು. “ನಂಗೆ ಬರೀ ಬಸಿರು ತಾನೇ?”

ಹೊರಗೆ ಯಾರೋ ಮರದ ಗಿಲಕಿ ಆಡಿಸುತ್ತ ಹೋದರು. ಗಂಟೆ ಬಾರಿಸಬಾರದ ದಿನ, ಜನರನ್ನು ಆರಾಧನೆಗೆ ಎಬ್ಬಿಸುವ ಗಿಲಕಿ. ಕಟಕಟ ಸದ್ದು ಮನೆಯ ಮುಂದೆ ಬಂದು ದಾಟಿಹೋಯಿತು. ಮಗಳು ಬಟ್ಟೆ ಮಡಿಸಿ ಎದೆಗೊತ್ತಿಕೊಂಡು ಬಾಗಿಲ ಕಡೆ ತಿರುಗಿದಳು. ಮೊಳೆಯಲ್ಲಿ ಅಮ್ಮನ ಕೈಚೀಲ ನೇತಾಡುತ್ತಿತ್ತು, ಅದಕ್ಕೆ ಕೈ ಚಾಚಿದಳು. ಇನ್ನೊಂದು ಕೈ ಮೇಜಿನ ಅಂಚನ್ನು ಹಿಡಿದಿತ್ತು. ಹಿಡಿದೇ ಇತ್ತು. ಬೆರಳ ಗೆಣ್ಣು ಬೆಳ್ಳಗಾಯಿತು. ಮೊಣಕಾಲು ಮೆಲ್ಲಗೆ, ಬಹಳ ಮೆಲ್ಲಗೆ ಮಡಚತೊಡಗಿತು.

ಕುರ್ಚಿ ಹಿಂದಕ್ಕೆ ಬಿದ್ದ ಸದ್ದು ಮೇಷ್ಟ್ರಿಗೆ ಆಮೇಲೆ ಕೇಳಿಸಿತು. ಅವಳ ಎರಡು ತೋಳೂ ಅವರ ಕೈಯಲ್ಲಿದ್ದವು. ಏಳು ತಿಂಗಳ ಭಾರವನ್ನು ಕುರ್ಚಿಗೆ ಇಳಿಸಿದರು. ಎಷ್ಟು ಭಾರ ಎಂದು ತೂಗಲಿಲ್ಲ.

“ಕೂತ್ಕೋ,” ಎಂದರು. ದನಿ ತಗ್ಗಲಿಲ್ಲ, ಕಿರುಚಿದ ಹಾಗೇ ಬಂತು. “ಕೂತ್ಕೋ. ತಿನ್ನು. ನಿಮ್ಮಮ್ಮನಿಗೂ ಇತ್ತು ವಿನಾಯಿತಿ. ಕೇಳಿದ್ಲು ಅವ್ಳು. ನಂಗೆ ಗೊತ್ತಿತ್ತು. ಗೊತ್ತಿದ್ದೂ ತಮಾಷೆ ಮಾಡ್ದೆ.”

ಮಗಳು ಕಣ್ಣು ಮುಚ್ಚಿ ಉಸಿರು ಎಳೆದುಕೊಂಡಳು. ಹಣೆಯಲ್ಲಿ ಬೆವರು ಸಾಸಿವೆಯಷ್ಟು ಸಾಸಿವೆಯಷ್ಟು ಎದ್ದಿತ್ತು.

“ಗೊತ್ತು,” ಎಂದಳು. “ಅಲ್ಲೇ ಇದ್ನಲ್ಲ ನಾನು. ಅಮ್ಮ ಎಷ್ಟು ನಕ್ಕಳು ಗೊತ್ತಾ ಅದಕ್ಕೆ? ಕನ್ನಡಿ ಹಿಡ್ಕೊಂಡು ನಕ್ಕಳು. ದಾರೀಲೂ ನಗ್ತಾ ಬಂದಳು.”

ಮೇಷ್ಟ್ರು ಬಲ ಜೇಬಿಗೆ ಕೈ ಹಾಕಿದರು. ಬಲ ಜೇಬಿನ ಮೊಟ್ಟೆ ಅವಳನ್ನು ಹಿಡಿಯುವಾಗ ಮೇಜಿಗೆ ಒತ್ತಿ ನುಜ್ಜಾಗಿತ್ತು. ಹೊರಗೆ ತೆಗೆದು ಅವಳ ಮುಂದಿಟ್ಟರು. ಅವಳು ಕಣ್ಣು ತೆರೆದು ಅದನ್ನು ನೋಡಿದಳು, ಉಗುರಿನಿಂದ ಒಂದು ಚೂರು ಸಿಪ್ಪೆ ಎತ್ತಿದಳು, ಜೇಬಿನ ನೂಲೊಂದನ್ನು ಬಿಡಿಸಿ ಪಕ್ಕಕ್ಕಿಟ್ಟಳು.

“ಇಷ್ಟೆಲ್ಲ ಪ್ಲಾನ್ ಮಾಡಿದವ್ರು,” ಎಂದಳು, “ಉಪ್ಪು ತರೋದು ಬೇಡ್ವಾ ಅಪ್ಪ?”